ಮೆಟ್ನರ್ ಅವರ ಮೂರನೆಯ ಕನ್ಚೆರ್ಟೊ ಮೈಸೂರು ಬರೆಸಿದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ಜಯಚಾಮರಾಜ ಒಡೆಯರ್ ಅವರ ಪಾಶ್ಚಾತ್ಯ ಸಂಗೀತದ ಒಲವಿನ ಬಗ್ಗೆ ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನ ಓದಿದೆ. ರಷ್ಯದ ಪಿಯಾನೊ ವಾದಕ, ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಹೆಸರು ಕನ್ನಡ ಪತ್ರಿಕೆಯಲ್ಲಿ ಅಚ್ಚಾಗುವುದೇ ಅಪರೂಪ, ಅದಕ್ಕೆ ವಂದನೆ. ಆದರೆ ಮಹಾರಾಜರು ಹಣ ಕೊಟ್ಟು ಅವರಿಂದ ಮೂರನೆಯ ಪಿಯಾನೊ ಕನ್ಚೆರ್ಟೊ (ಪಿಯಾನೊ ಮತ್ತು ವಾದ್ಯವೃಂದ ಕೂಡಿ ನುಡಿಸುವ ದೊಡ್ಡ ಕೃತಿ) ಬರೆಸಿದರು ಎಂಬ ಮಾತು ಸರಿಯಲ್ಲ. ಆ ಕೃತಿ 1943ರಲ್ಲೇ ಮುಗಿದಿತ್ತು. 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ನುಡಿಸಿದ್ದೂ ಆಗಿತ್ತು. ಪಿಯಾನೊ ಮುಂದೆ ಸ್ವತಃ ಮೆಟ್ನರ್ ಕೂತಿದ್ದರು. ಲಂಡನ್ ಫಿಲ್‌ಹಾರ್ಮೊನಿಕ್ ವಾದ್ಯವೃಂದವನ್ನು ನಡೆಸಿದವರು ಏಡ್ರಿಯನ್ ಬೋಲ್ಟ್. ಮೈಸೂರಿನ ನೆರವು ಬಂದದ್ದು ಯುದ್ಧ ಮುಗಿದ ಮೇಲೆ. ಮಹಾರಾಜರ ಹೆಸರಿಗೆ ಕೃತಿಯನ್ನು ಅರ್ಪಿಸಿದ್ದು ಆ ನೆರವಿನ ಋಣಕ್ಕೆ. ಹಣ ಹೋದದ್ದು ಧ್ವನಿಮುದ್ರಣಕ್ಕೆ.

ತಾರೀಖಿನ ತಪ್ಪಿಗಾಗಿ ಇಷ್ಟು ಉದ್ದದ ಪತ್ರ ಬೇಕೆ ಎಂದು ಯಾರಾದರೂ ಕೇಳಿಯಾರು. ರಾಜರು ಕೊಟ್ಟರು, ಕಲಾವಿದ ಬರೆದ ಎಂದು ಮುಗಿಸಿಬಿಟ್ಟರೆ ಕೇಳಲೇಬೇಕಾದ ಪ್ರಶ್ನೆಯೊಂದು ಹಾಗೇ ಉಳಿದುಹೋಗುತ್ತದೆ. 1900ರಲ್ಲಿ, 20ರ ಹರೆಯದಲ್ಲಿ, ರುಬಿನ್‌ಸ್ಟೈನ್ ಬಹುಮಾನದೊಂದಿಗೆ ಮಾಸ್ಕೋ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯಿಂದ ಹೊರಬಂದ ವಾದಕರೊಬ್ಬರಿಗೆ, 67ರ ಮುಪ್ಪಿನಲ್ಲಿ ತಮ್ಮ ಕೃತಿಗಳನ್ನು ತಾವೇ ನುಡಿಸಿ ಉಳಿಸಲು ಸಾವಿರಾರು ಮೈಲಿ ದೂರದ ಸಂಸ್ಥಾನದ ಹಣ ಯಾಕೆ ಬೇಕಾಯಿತು? ಕಛೇರಿ ಪಿಯಾನೊ ವಾದಕರ ಬದುಕು ಯಾವುದರ ಮೇಲೆ ನಿಂತಿರುತ್ತದೆ ಎಂಬುದು ಗೊತ್ತಿದ್ದರೆ ಇದಕ್ಕೆ ಉತ್ತರ ಸುಲಭ.

ಈ ವೃತ್ತಿಯಲ್ಲಿ ಆರೇಳು ವರ್ಷಕ್ಕೆ ಕೈ ಕೂರಬೇಕು, ಹದಿಹರೆಯದಲ್ಲಿ ದೊಡ್ಡ ಗುರುಗಳ ಬಳಿ ಸೇರಬೇಕು, 20-25ರೊಳಗೆ ಹೆಸರಾಗಬೇಕು. ಮೆಟ್ನರ್ ಮೊದಲು ತಾಯಿಯ ಹತ್ತಿರ ಕಲಿತರು, ಕೊನೆಯಲ್ಲಿ ವಸೀಲಿ ಸಫೊನೊವ್ ಅವರ ಶಿಷ್ಯರಾದರು. ಅದೇ 1900ರಲ್ಲಿ ವಿಯೆನ್ನಾದ ರುಬಿನ್‌ಸ್ಟೈನ್ ಸ್ಪರ್ಧೆಯಲ್ಲಿ ಗೌರವ ಪ್ರಶಸ್ತಿಯೂ ಬಂತು. ಮುಂದಿನ ಹೆಜ್ಜೆ ಯುರೋಪ್ ಪ್ರವಾಸ. ಅಲ್ಲಿಗೆ ಅವರು ಕಾಲಿಡಲಿಲ್ಲ. ಅಣ್ಣ ಎಮಿಲ್ ಮತ್ತು ಹಿರಿಯ ರಚನಕಾರ ತನೆಯೆವ್ ಬೆನ್ನಿಗೆ ನಿಂತರು, ಇವರು ರಚನೆಗೆ ಕೂತರು. ಸಫೊನೊವ್‌ಗೆ ಸಿಟ್ಟು ಬಂದಿದ್ದರೆ ಅಚ್ಚರಿಯಿಲ್ಲ. ಸಂಗೀತದ ದೃಷ್ಟಿಯಿಂದ ಮೆಟ್ನರ್ ಮಾಡಿದ್ದು ಸರಿ, ವೃತ್ತಿಯ ದೃಷ್ಟಿಯಿಂದ ದುಬಾರಿ.

ದುಬಾರಿ ಎಂದೆ, ಯಾಕೆಂದರೆ ಪ್ರವಾಸ ಮಾಡುವ ವಾದಕರ ಗಂಟಿನಲ್ಲಿ ಯಾವಾಗಲೂ 75-80 ನಿಮಿಷದ ಎರಡು ಕಛೇರಿಗಳ ಸರಕು ಮತ್ತು ವಾದ್ಯವೃಂದದ ಜೊತೆ ನುಡಿಸುವ ಮೂರು-ನಾಲ್ಕು ಕನ್ಚೆರ್ಟೊಗಳು ಬೆರಳ ತುದಿಯಲ್ಲಿರಬೇಕು. ಯಾರೋ ಕಾಯಿಲೆ ಬಿದ್ದರು, ನಾಡಿದ್ದು ಬನ್ನಿ ಎಂದು ಕರೆ ಬಂದರೆ ಹೋಗುವಂತಿರಬೇಕು. ಏಜೆಂಟರು ಮಾರುವುದೇ ಈ ತಯಾರಿಯನ್ನು. ಶೋಪಾನ್, ಲಿಸ್ಟ್, ಬೀಥೋವನ್ ಇರುವ ಪಟ್ಟಿಗೆ ಟಿಕೆಟ್ ಹೋಗುತ್ತದೆ. ಮೆಟ್ನರ್ ಪಟ್ಟಿಯಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಮೆಟ್ನರ್. ಗೆಳೆಯ ರಾಕ್ಮನಿನಫ್ ಕೂಡ ತಮ್ಮ ರಚನೆಗಳನ್ನು ನುಡಿಸುತ್ತಿದ್ದರು ನಿಜ. ಆದರೆ ದೇಶ ಬಿಟ್ಟ ಮೇಲೆ ಅವರು ಬೇರೆಯವರ ಕೃತಿಗಳನ್ನೂ ರಾಶಿ ರಾಶಿ ಕಲಿತು, ಅಮೆರಿಕದಲ್ಲಿ ವರ್ಷಕ್ಕೆ ಹತ್ತಾರು ಕಛೇರಿ ಹೊಡೆದರು. ಮೆಟ್ನರ್ ಅವರ 1924ರ ಅಮೆರಿಕ ಪ್ರವಾಸಕ್ಕೆ ಕೈ ಹಿಡಿದವರೂ ಅವರೇ. ಒಬ್ಬರಿಗೊಬ್ಬರು ಕೃತಿ ಅರ್ಪಿಸಿಕೊಂಡದ್ದೂ ಇದೆ: ರಾಕ್ಮನಿನಫ್ ಅವರ ನಾಲ್ಕನೆಯ ಕನ್ಚೆರ್ಟೊ ಮೆಟ್ನರ್‌ಗೆ, ಮೆಟ್ನರ್ ಅವರ ಎರಡನೆಯದು ರಾಕ್ಮನಿನಫ್‌ಗೆ. ಗೆಳೆತನ ಗಟ್ಟಿ, ಗಲ್ಲಾಪೆಟ್ಟಿಗೆ ಬೇರೆ.

ಬೇರೆ ವಾದಕರಾದರೂ ಇವರ ಕೃತಿಗಳನ್ನು ನುಡಿಸಬಹುದಿತ್ತಲ್ಲ? ಅಲ್ಲಿ ಜ್ಞಾಪಕಶಕ್ತಿಯ ತೊಡಕು ಬರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಯಾನೊ ಕಛೇರಿಯನ್ನು ಪುಸ್ತಕವಿಲ್ಲದೆ ನುಡಿಸುವುದು ಕ್ಲಾರಾ ಶೂಮನ್, ಲಿಸ್ಟ್ ಕಾಲದಿಂದ ಬಂದ ರೂಢಿ. ಸೊನಾಟಾ ಕಟ್ಟಿನ ಕೃತಿಯಲ್ಲಿ ಮೊದಲ ಭಾಗದಲ್ಲಿ ಬೇರೆ ಆಧಾರ ಸ್ವರದ ಮೇಲೆ ಬಂದ ಎರಡನೆಯ ರಾಗವಸ್ತು, ಕೊನೆಯ ಭಾಗದಲ್ಲಿ ಮೂಲ ಆಧಾರಕ್ಕೆ ಮರಳುತ್ತದೆ. ನಡುವೆ ಎಲ್ಲೋ ಒಂದು ಕವಲು. ಅಲ್ಲಿಯವರೆಗೆ ಎರಡೂ ಕಡೆ ಬೆರಳು ಓಡುವ ದಾರಿ ಒಂದೇ, ಆ ಒಂದು ಬಾರಿನಲ್ಲಿ (ಬಾರು ಎಂದರೆ ನಮ್ಮ ತಾಳದ ಆವರ್ತದಂಥ ಒಂದು ಅಳತೆ) ಒಂದೆರಡು ಸ್ವರ ಮಾತ್ರ ಬೇರೆ. ಅಲ್ಲಿ ತಪ್ಪಿದವರು ಮತ್ತೆ ಮೊದಲ ಭಾಗಕ್ಕೇ ಹೋಗಿ ಬೀಳುತ್ತಾರೆ. ಅನುಪಲ್ಲವಿಯ ಧಾತುವೇ ಚರಣದ ಕೊನೆಗೂ ಬರುವ ಕೃತಿಯಲ್ಲಿ ಹಾಡುಗಾರರು ಸಾಹಿತ್ಯ ಮರೆತು ಅನುಪಲ್ಲವಿಯನ್ನೇ ಇನ್ನೊಮ್ಮೆ ಹಾಡಿಬಿಡುವಂಥದ್ದೇ ಇದು. ವ್ಯತ್ಯಾಸ ಏನೆಂದರೆ ಪಿಯಾನೊದಲ್ಲಿ ಹತ್ತು ಬೆರಳೂ ಒಟ್ಟಿಗೆ ದಾರಿ ತಪ್ಪುತ್ತವೆ, ಮೇಲೆತ್ತಲು ಪಕ್ಕವಾದ್ಯದವರಿರುವುದಿಲ್ಲ.

ಇದಕ್ಕೆ ಮದ್ದು ಗೊತ್ತಿದ್ದದ್ದೇ, ಆದರೆ ಬೇಸರದ ಕೆಲಸ. ಬೆರಳಿನ ಜ್ಞಾಪಕವನ್ನು ನಂಬಬಾರದು. ಅದು ವೇಗವಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಕೃತಿಯನ್ನು ಮೂರರಲ್ಲೊಂದು ವೇಗಕ್ಕೆ ಇಳಿಸಿ, ಸ್ವರ ಉಳಿಸುವ ಕಾಲಿನ ಪೆಡಲ್ ಬಿಟ್ಟು, ಪುಸ್ತಕ ಮುಚ್ಚಿ ನುಡಿಸಬೇಕು. ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ತಲೆಗೆ ಹತ್ತಿಲ್ಲ ಎಂದು ಅರ್ಥ. ಆಮೇಲೆ ಎಡಗೈ ಒಂದನ್ನೇ ಮೊದಲಿಂದ ಕೊನೆವರೆಗೆ. 16-20 ಬಾರಿಗೊಂದು ಗುರುತಿನ ಜಾಗ ಇಟ್ಟುಕೊಂಡು, ಯಾರು ಯಾವ ಗುರುತು ಹೇಳಿದರೂ ಅಲ್ಲಿಂದ ಎತ್ತಿಕೊಳ್ಳುವಂತಿರಬೇಕು. ವೇದಿಕೆಯಲ್ಲಿ ತಪ್ಪಿದಾಗ ಹಿಂದಕ್ಕೆ ಹೋಗದೆ ಮುಂದಿನ ಗುರುತಿಗೆ ಹಾರಬೇಕು. ಮೆಟ್ನರ್ ಕೃತಿಗಳಲ್ಲಿ ಈ ಕೆಲಸ ದುಪ್ಪಟ್ಟು. ಬಲಗೈ ಚತುರಶ್ರದಲ್ಲಿದ್ದರೆ ಎಡಗೈ ತಿಶ್ರದಲ್ಲಿರುತ್ತದೆ; ರಾಗವಸ್ತು ಮೇಲಿನ ಬೆರಳಿನಲ್ಲಿರದೆ ನಡುವೆ ಎಲ್ಲೋ ಹೆಬ್ಬೆರಳಿಗೆ ಸಿಕ್ಕಿರುತ್ತದೆ; ಮೊದಲ ಪುಟದ ವಸ್ತು ಮತ್ತೆ ಬಂದಾಗ ಇನ್ನೊಂದರ ಹೆಗಲೇರಿ ಬರುತ್ತದೆ. ಇಷ್ಟು ಕಷ್ಟಪಟ್ಟು ಕಲಿತರೂ ಕೇಳುಗರಿಗೆ ಅದು ಕಸರತ್ತಾಗಿ ಕಾಣುವುದಿಲ್ಲ, ಚಪ್ಪಾಳೆ ಮೆಲ್ಲಗೆ ಬೀಳುತ್ತದೆ. ಅಷ್ಟೇ ತಿಂಗಳಲ್ಲಿ ಲಿಸ್ಟ್ ಕೃತಿಯೊಂದನ್ನು ಕಲಿತು ಮನೆ ನಡೆಸಬಹುದು ಎಂದು ವಾದಕರು ಲೆಕ್ಕ ಹಾಕಿದರೆ ಅವರನ್ನು ಬಯ್ಯುವ ಹಾಗಿಲ್ಲ.

ಸ್ವಭಾವವೂ ಒಂದು ಕಾರಣ. ಕನ್ಚೆರ್ಟೊ ಕಛೇರಿಗೆ ಸಾಮಾನ್ಯವಾಗಿ ಒಂದೆರಡು ತಾಲೀಮು ಸಿಗುತ್ತದೆ, ಅದೂ ಹಿಂದಿನ ದಿನ ಅಥವಾ ಅದೇ ಬೆಳಗ್ಗೆ. ಅಷ್ಟರಲ್ಲಿ ವಾದ್ಯವೃಂದ ನಡೆಸುವ ನಿರ್ದೇಶಕರೂ ವಾದಕರೂ ಲಯದ ಬಗ್ಗೆ ಒಪ್ಪಂದಕ್ಕೆ ಬರಬೇಕು. ಬೀಥೋವನ್ ಅವರ ನಾಲ್ಕನೆಯ ಕನ್ಚೆರ್ಟೊ ಈ ವಿಷಯದಲ್ಲಿ ಸೂಕ್ಷ್ಮ: ಮೊದಲ ಐದು ಬಾರು ಪಿಯಾನೊ ಒಂಟಿಯಾಗಿ ನುಡಿಯುತ್ತದೆ, ಆರನೆಯದರಲ್ಲಿ ತಂತಿವಾದ್ಯಗಳು ದೂರದ ಆಧಾರವೊಂದರಲ್ಲಿ ಉತ್ತರ ಕೊಡುತ್ತವೆ. ವಾದಕರು ಹಾಕಿದ ನಡೆಯನ್ನೇ ನಿರ್ದೇಶಕರು ಹಿಡಿಯದಿದ್ದರೆ ಕೃತಿ ಹುಟ್ಟುವಾಗಲೇ ಮುರಿಯುತ್ತದೆ. 1910ರಲ್ಲಿ ಮಾಸ್ಕೋದಲ್ಲಿ ಈ ಕೃತಿಯ ತಾಲೀಮಿನ ಹೊತ್ತಿಗೆ ಹೆಸರಾಂತ ನಿರ್ದೇಶಕ ವಿಲೆಮ್ ಮೆಂಗೆಲ್‌ಬರ್ಗ್ ಅವರೊಂದಿಗೆ ಜಟಾಪಟಿಯಾಗಿ ಮೆಟ್ನರ್ ಎದ್ದು ನಡೆದರು. ಏಜೆಂಟರು ಇಂಥದ್ದನ್ನು ಮರೆಯುವುದಿಲ್ಲ.

1921ರಲ್ಲಿ ರಷ್ಯ ಬಿಟ್ಟು ಜರ್ಮನಿ, ಫ್ರಾನ್ಸ್ ಸುತ್ತಿ ಮೂವತ್ತರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆ ನಿಂತರು. ಪಾಠ ಹೇಳುವುದು, ಆಗೊಂದು ಈಗೊಂದು ಕಛೇರಿ, ಜರ್ಮನ್ ಪ್ರಕಾಶಕರಿಂದ ಬರುವ ಹಣ. ಯುದ್ಧ ಶುರುವಾದದ್ದೇ ಆ ಹಣ ನಿಂತಿತು. ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬ ವಾರಿಕ್‌ಶೈರ್‌ನಲ್ಲಿ ಆಸರೆ ಕೊಟ್ಟಿತು. 1942ರಲ್ಲಿ ಹೃದಯಾಘಾತವಾಯಿತು. ಮೂರನೆಯ ಕನ್ಚೆರ್ಟೊ ಮುಗಿದದ್ದು ಅದರ ಮರುವರ್ಷ.

ಮಹಾರಾಜರ ಕಡೆಯದನ್ನೂ ಹೇಳಬೇಕು. ಅವರು ಬರೀ ಸಂಗೀತಪ್ರಿಯರಲ್ಲ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. ಕಛೇರಿ ಪಿಯಾನೊ ವಾದಕರಾಗುವ ಆಸೆಯೇ ಇತ್ತು. 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ತೀರಿಕೊಂಡು, 21ರ ವಯಸ್ಸಿಗೆ ಪಟ್ಟ ಏರಬೇಕಾಯಿತು. ಪಿಯಾನೊ ವೃತ್ತಿಯಲ್ಲಿ ಆ ವಯಸ್ಸು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಮುಂದೆ ಅವರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ್ದು ಕನ್ನಡಿಗರಿಗೆ ಗೊತ್ತೇ ಇದೆ. ಲಂಡನ್ನಿನ ಫಿಲ್‌ಹಾರ್ಮೊನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. 1950ರಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕಡೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನಕ್ಕೆ ಹಣದ ಭರವಸೆ ಕೊಟ್ಟದ್ದೂ ಅವರೇ. ಮೆಟ್ನರ್‌ಗೆ ಸ್ಟ್ರಾಸ್ ಸಂಗೀತ ಕಂಡರೆ ಆಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಒಂದೇ ಖಜಾನೆ ಇಬ್ಬರ ಸಂಗೀತಕ್ಕೂ ನೆರವಾಯಿತು.

ಇನ್ನು ಮೆಟ್ನರ್‌ಗೆ ಬಂದ ಹಣ ಏನು ಮಾಡಿತು ಎಂಬುದು. ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಎಚ್‌ಎಂವಿ ಕಂಪನಿ ಮುದ್ರಣಕ್ಕೆ ಕೂತಿತು. 1947ರಲ್ಲಿ ಫಿಲ್‌ಹಾರ್ಮೊನಿಯ ವಾದ್ಯವೃಂದದೊಂದಿಗೆ ಮೂರೂ ಕನ್ಚೆರ್ಟೊಗಳಾದವು. ಮೊದಲನೆಯದನ್ನು ಜಾರ್ಜ್ ವೆಲ್ಡನ್, ಉಳಿದೆರಡನ್ನು ಇಸಾಯ್ ದೊಬ್ರೊವೆನ್ ನಡೆಸಿದರು. ಹಾಡುಗಳು, ಸೊನಾಟಾಗಳು, ಚಿಕ್ಕ ರಚನೆಗಳೂ ಆದವು. ಈಗ ಫೋನಿನಲ್ಲಿ ಗುಂಡಿ ಒತ್ತಿ ಮುದ್ರಿಸುವವರಿಗೆ ಅಂದಿನ ಕೆಲಸ ಊಹೆಗೂ ಬರಲಾರದು. ನಿಮಿಷಕ್ಕೆ 78 ಸುತ್ತಿನ 12 ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ ಹಿಡಿಸಿದರೆ ಹೆಚ್ಚು. ಮೊದಲನೆಯ ಕನ್ಚೆರ್ಟೊ ಎಲ್ಲೂ ನಿಲ್ಲದ ಒಂದೇ ಅಖಂಡ ಭಾಗ, ಅರ್ಧ ಗಂಟೆಗೂ ಮೀರಿದ್ದು. ಅದನ್ನು ಎಂಟೊಂಬತ್ತು ತುಂಡು ಮಾಡಬೇಕು. ತುಂಡು ಎಲ್ಲಿ ಎಂದು ಮೊದಲೇ ಪುಸ್ತಕದಲ್ಲಿ ಗೆರೆ ಹಾಕಿ, ಗಡಿಯಾರ ಹಿಡಿದು, ಅಲ್ಲಿಗೆ ಬಂದಾಗ ಇಡೀ ವಾದ್ಯವೃಂದ ಗಕ್ಕನೆ ನಿಲ್ಲಬೇಕು. ಮುಂದಿನ ತುಂಡನ್ನು ಅದೇ ನಡೆಯಲ್ಲಿ, ಅದೇ ಬಲದಲ್ಲಿ ಎತ್ತಿಕೊಳ್ಳಬೇಕು. ಸ್ವಲ್ಪ ನಿಧಾನವಾದರೂ ಮನೆಯಲ್ಲಿ ಪ್ಲೇಟು ತಿರುಗಿಸಿದವರಿಗೆ ಬೇರೆ ಯಾರೋ ನುಡಿಸುತ್ತಿದ್ದಾರೆ ಅನ್ನಿಸುತ್ತದೆ.

ಮುದ್ರಣವಾಗುತ್ತಿದ್ದದ್ದು ಬೆಚ್ಚಗೆ ಮಾಡಿದ ದಪ್ಪ ಮೇಣದ ಬಿಲ್ಲೆಯ ಮೇಲೆ. ಟೇಪಿನಂತೆ ಕತ್ತರಿಸಿ ಅಂಟಿಸುವ ಹಾಗಿಲ್ಲ; ನಾಲ್ಕನೆಯ ನಿಮಿಷದಲ್ಲಿ ಒಂದು ಸ್ವರ ಜಾರಿದರೆ ಆ ಮಗ್ಗುಲನ್ನು ಮೊದಲಿಂದ ನುಡಿಸಬೇಕು. ನುಡಿಸಿದ್ದನ್ನು ಒಮ್ಮೆ ಕೇಳೋಣ ಎಂದು ಆ ಮೇಣದ ಮೇಲೆ ಸೂಜಿ ಇಟ್ಟರೆ ಗೆರೆ ಕೆಟ್ಟುಹೋಗುತ್ತದೆ, ಅದರಿಂದ ಅಚ್ಚು ತೆಗೆಯಲಾಗುವುದಿಲ್ಲ. ಹಾಗಾಗಿ ಪರೀಕ್ಷಾ ಪ್ಲೇಟು ಬರುವವರೆಗೆ ಕಾಯಬೇಕು, ಅದು ಸರಿಯಿಲ್ಲದಿದ್ದರೆ ಮತ್ತೆ ಎಲ್ಲರನ್ನೂ ಕೂಡಿಸಬೇಕು. ಹೃದಯ ದುರ್ಬಲವಾದ ಮುದುಕರೊಬ್ಬರು ಈ ಕೆಲಸಕ್ಕೆ ಕೂತರು ಎಂಬುದನ್ನು ನೆನಪಿಟ್ಟು ಆ ಮುದ್ರಣ ಕೇಳಬೇಕು.

ಇನ್ನೊಂದು ತೊಂದರೆ ಪ್ಲೇಟಿನ ಜ್ಯಾಮಿತಿಯದು. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 120 ಸೆಂಟಿಮೀಟರ್ ಗೆರೆ ಓಡಿದರೆ, ನಡುವಿನ ಕಾಗದದ ಹತ್ತಿರ ಬರುವಾಗ ಅದು 40ಕ್ಕೆ ಇಳಿದಿರುತ್ತದೆ. ಆದ್ದರಿಂದ ಮಗ್ಗುಲಿನ ಕೊನೆಯಲ್ಲಿ ಮೇಲಿನ ಸ್ಥಾಯಿ ಮೊಂಡಾಗುತ್ತದೆ, ಜೋರು ಧ್ವನಿ ಒಡೆಯುತ್ತದೆ. ಕೃತಿಯ ಶಿಖರ ಅಲ್ಲಿಗೇ ಬಂದು ಬಿದ್ದರೆ ಗ್ರಹಚಾರ. ಪ್ಲೇಟಿನ ತೂತು ಕೂದಲೆಳೆಯಷ್ಟು ನಡು ತಪ್ಪಿದರೂ ಸ್ವರ ತೂಗುತ್ತದೆ. ಹಾಡುಗಾರಿಕೆಯಲ್ಲಿ ಅದು ಗಮಕದಲ್ಲಿ ಮುಚ್ಚಿಹೋಗಬಹುದು, ಪಿಯಾನೊ ಸ್ವರ ಮಾತ್ರ ತಾನಾಗಿ ಅಲುಗುವುದೇ ಇಲ್ಲವಾದ್ದರಿಂದ ತಕ್ಷಣ ಕಿವಿಗೆ ಬೀಳುತ್ತದೆ. (ಆ ಪ್ಲೇಟುಗಳಿಗೆ ಬೇಕಾದ ಅರಗು ಬಹುಪಾಲು ಹಡಗು ಹತ್ತುತ್ತಿದ್ದದ್ದು ಭಾರತದಿಂದಲೇ.)

ಇಷ್ಟಾಗಿಯೂ ಕಾಲ ಕೈಕೊಟ್ಟಿತು. ಮೆಟ್ನರ್ 1951ರ ನವೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಎಚ್‌ಎಂವಿ ಬ್ರಿಟನ್ನಿನಲ್ಲಿ ಹೆಚ್ಚು ಹೊತ್ತು ಓಡುವ ಎಲ್‌ಪಿ ಪ್ಲೇಟು ಹೊರತಂದಿತು. ಮಣಭಾರದ 78ರ ಆಲ್ಬಮ್ಮುಗಳನ್ನು ಯಾರೂ ಕೇಳದಾದರು. ಕನ್ಚೆರ್ಟೊಗಳು ಸಿಡಿಯಾಗಿ ಮತ್ತೆ ಸುಲಭಕ್ಕೆ ಸಿಗಲು 1990ರ ದಶಕ ಬರಬೇಕಾಯಿತು. ಹಾಗಿದ್ದರೂ ಇವತ್ತು ಮೆಟ್ನರ್ ನುಡಿಸುವ ವಾದಕರು ಲಯ, ಪೆಡಲ್, ಒಳದನಿಗಳ ತೂಕದ ಬಗ್ಗೆ ಸಂದೇಹ ಬಂದರೆ ಹೋಗಿ ಕೇಳುವುದು ಈ ಮುದ್ರಣಗಳನ್ನೇ. ಅಚ್ಚಾದ ಪುಸ್ತಕ ಹೇಳದ್ದನ್ನು ಅವು ಹೇಳುತ್ತವೆ: ಪೆಡಲ್ ಎಷ್ಟು ಕಡಿಮೆ, ಭಾವುಕ ಜಾಗಗಳಲ್ಲೂ ನಡೆ ಎಷ್ಟು ಬಿಗಿ.

ಮಹಾರಾಜರ ಜನ್ಮದಿನ ಜುಲೈ 18. ಆ ದಿನ ಮೈಸೂರಿನಲ್ಲಿ ಅವರ ಕೃತಿಗಳ ಗಾಯನದ ಜೊತೆ ಮೆಟ್ನರ್ ಅವರ ಒಂದು ಗಂಟೆಯ ಪಿಯಾನೊ ಕಛೇರಿ ಇಡಬಾರದೇಕೆ? ವಾದಕರು ಸಿಗುತ್ತಾರೆ. ಕಷ್ಟವಿರುವುದು ವಾದ್ಯದಲ್ಲಿ. ವೀಣೆಯವರು ತಮ್ಮ ವೀಣೆ ತರುತ್ತಾರೆ. ಪಿಯಾನೊದವರು ಸಭಾಂಗಣದಲ್ಲಿ ಇದ್ದದ್ದನ್ನೇ ನುಡಿಸಬೇಕು. ದೊಡ್ಡ ಕಛೇರಿ ಪಿಯಾನೊ 274 ಸೆಂಟಿಮೀಟರ್ ಉದ್ದ, ಅರ್ಧ ಟನ್ನಿನಷ್ಟು ತೂಕ. ಅದರ 240ರಷ್ಟು ತಂತಿಗಳು ಒಟ್ಟಾಗಿ ಎಳೆಯುವ ಬಲ 20 ಟನ್ ಹತ್ತಿರ. ಆ ಎಳೆತವನ್ನು ಹೊರುವುದು ಎರಕದ ಕಬ್ಬಿಣದ ಚೌಕಟ್ಟು, ಆದರೆ ತಂತಿಗಳ ಕೆಳಗಿನ ಮರದ ನಾದಹಲಗೆ ಜುಲೈ ಮಳೆಯಲ್ಲಿ ತೇವ ಕುಡಿದು ಉಬ್ಬುತ್ತದೆ, ಶ್ರುತಿ ಏರುತ್ತದೆ, ಅದೂ ನಡುಸ್ಥಾಯಿಯಲ್ಲಿ ಹೆಚ್ಚು. ಕೀಗಳ ಒಳಗಿನ ಉಣ್ಣೆಬಟ್ಟೆ ಊದಿಕೊಂಡು, ಒತ್ತಿದ ಕೀ ಮೇಲೇಳದೆ ಅಲ್ಲೇ ಉಳಿಯುತ್ತದೆ. ನಮ್ಮ ಸಂಘಟಕರು ಸಾಮಾನ್ಯವಾಗಿ ಮಾಡುವ ತಪ್ಪು, ಬೆಳಗ್ಗೆ ಎಸಿ ಇಲ್ಲದೆ ಶ್ರುತಿ ಮಾಡಿಸಿ ಸಂಜೆ ಎಸಿ ಹಾಕುವುದು. ಮೊದಲ ಅರ್ಧ ಗಂಟೆಯಲ್ಲೇ ಬೆಳಗಿನ ಕೆಲಸ ನೀರುಪಾಲು.

ಮಾಡಬೇಕಾದ ಕ್ರಮ ಕಷ್ಟದ್ದೇನಲ್ಲ. ಶ್ರುತಿ ಬಹಳ ಇಳಿದಿದ್ದರೆ ಎರಡು ವಾರ ಮೊದಲೇ ಅದನ್ನು ಮೇಲಕ್ಕೆ ತರಬೇಕು. ಕಛೇರಿಯ ದಿನ ಒಂದೇ ಏಟಿಗೆ ಏರಿಸಿದರೆ ತಂತಿ ನಡುವೆಯೇ ಜಾರುತ್ತದೆ. ವಾದ್ಯ ಕನಿಷ್ಠ 24 ಗಂಟೆ ಮೊದಲು ವೇದಿಕೆಯ ಮೇಲೆ, ಕಛೇರಿಗೆ ಇಡುವಷ್ಟೇ ತಂಪಿನಲ್ಲಿ ಇರಲಿ. ಗಾಳಿಯ ತೇವಾಂಶ ಶೇ 45-50ರಲ್ಲಿ ನಿಂತರೆ ಒಳ್ಳೆಯದು. ವಾದಕರು ಎರಡು-ಮೂರು ಗಂಟೆ ಅಭ್ಯಾಸ ಮಾಡಿದ ಮೇಲೆ, ವೇದಿಕೆಯ ದೀಪಗಳನ್ನು ಹೊತ್ತಿಸಿಟ್ಟು, ಕಡೆಯ ಶ್ರುತಿ. ಆಮೇಲೆ ಭಾಷಣಕ್ಕೆ ಜಾಗ ಬೇಕೆಂದು ವಾದ್ಯವನ್ನು ತಳ್ಳಬಾರದು. ವಿರಾಮದಲ್ಲಿ ಟ್ಯೂನರ್‌ಗೆ ಹತ್ತು ನಿಮಿಷ ಬಿಡಬೇಕು. ಆ ಹೊತ್ತಿಗೆ ಮೈಕ್ ಪರೀಕ್ಷೆ ಬೇಡ. ಸುತ್ತಿಗೆಗಳ ಉಣ್ಣೆ ಗಟ್ಟಿಯಾಗಿ ಗೆರೆ ಬಿದ್ದಿದ್ದರೆ ಸೂಜಿಯಿಂದ ಚುಚ್ಚಿ ಸಡಿಲಿಸದ ಹೊರತು ಮೆಟ್ನರ್ ಕೃತಿಗಳ ಒಳದನಿ ಕೇಳಿಸುವುದೇ ಇಲ್ಲ, ಎಲ್ಲವೂ ತಗಡಿನ ಸದ್ದಾಗುತ್ತದೆ.

ಅಲ್ಲಿಯವರೆಗೆ ಮನೆಯಲ್ಲಿ ಕೇಳಬಯಸುವವರು ನೇರ ಕನ್ಚೆರ್ಟೊಗೆ ಹೋಗುವುದು ಬೇಡ. ‘ಸ್ಕಾಜ್ಕಿ’ ಎಂಬ ಮೂರು-ನಾಲ್ಕು ನಿಮಿಷದ ಕಥಾರೂಪದ ರಚನೆಗಳಲ್ಲಿ ಓಪಸ್ (ಕೃತಿಸಂಖ್ಯೆ) 20ರ ಮೊದಲನೆಯದು, ಓಪಸ್ 26ರ ಮೂರನೆಯದು ಕೇಳಿ. ಆಮೇಲೆ ಎಮಿಲ್ ಗಿಲೆಲ್ಸ್ ನುಡಿಸಿದ ‘ಸೊನಾಟಾ ರೆಮಿನಿಸೆಂಜಾ’. ಮೂರನೆಯ ಕನ್ಚೆರ್ಟೊ ಅದರ ನಂತರ. ಅಂತರಜಾಲದಲ್ಲಿ ಹಳೆಯ ಪ್ಲೇಟಿನಿಂದ ಏರಿಸಿದ್ದು ಸಿಕ್ಕರೆ ಶ್ರುತಿ ನೋಡಿಕೊಳ್ಳಿ. ಕೃತಿ ಇ ಮೈನರ್‌ನದು. ಎಫ್ ಮೈನರ್‌ನಲ್ಲಿ, ಅಂದರೆ ಅರ್ಧ ಸ್ವರ ಮೇಲೆ, ಕೇಳಿಸಿದರೆ ಪ್ಲೇಟು ಶೇ 6ರಷ್ಟು ಜೋರಾಗಿ ಓಡಿದೆ ಎಂದರ್ಥ, 35 ನಿಮಿಷದ್ದು 33ಕ್ಕೇ ಮುಗಿಯುತ್ತದೆ. ಅಂಥದ್ದನ್ನು ಬಿಟ್ಟು ಬೇರೆ ಪ್ರತಿ ಹುಡುಕಿ.

ಇತಿ,
ಪಿಯಾನೊ ಶಿಕ್ಷಕರೊಬ್ಬರು
ಮೈಸೂರು